ಗೇರ್ ಜರ್ಕ್: ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ದೋಷ

ಆಟೊಮ್ಯಾಟಿಕ್ ಗಾಡಿಯ ಲಿವರನ್ನು ನ್ಯೂಟ್ರಲ್‌ನಿಂದ ಡ್ರೈವ್‌ಗೋ ರಿವರ್ಸ್‌ಗೋ ತಂದಾಗ, ಗೇರ್ ಮೆಲ್ಲಗೆ ಹಿಡಿಯದೆ ಗಾಡಿ ಧಡಕ್ಕನೆ ಕುಲುಕುವುದಕ್ಕೆ ಗೇರ್ ಜರ್ಕ್ ಎನ್ನುತ್ತಾರೆ. ಗೇರ್‌ಬಾಕ್ಸ್ ಬಿಚ್ಚಿ ಹೊಸದಾಗಿ ಕಟ್ಟಿದ ಮೇಲೆ, ಅದರಲ್ಲೂ ಹೆಚ್ಚು ಎಳೆತಕ್ಕೆಂದು ಬಿಗಿ ಮಾಡಿದ ಬಾಕ್ಸುಗಳಲ್ಲಿ, ಈ ದೂರು ಹೆಚ್ಚು. ಆದರೆ ಕಾರಣ ಬಾಕ್ಸಿನ ಒಳಗೇ ಇರಬೇಕೆಂದಿಲ್ಲ.

ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಗೇರ್ ಹಿಡಿಸುವುದು ಆಯಿಲ್ ಒತ್ತಡ. ಪಂಪು ಎತ್ತಿಕೊಟ್ಟ ಆಯಿಲ್ ವಾಲ್ವ್ ಬಾಡಿಯ ಸಣ್ಣ ತೂತುಗಳನ್ನು ದಾಟಿ ಕ್ಲಚ್ ಪ್ಲೇಟುಗಳ ಹಿಂದಿನ ಪಿಸ್ಟನ್ನನ್ನು ತಳ್ಳುತ್ತದೆ. ಒತ್ತಡ ಒಮ್ಮೆಗೇ ಏರದಂತೆ ತಡೆಯುವುದು ಸ್ಪ್ರಿಂಗ್ ಇರುವ ಅಕ್ಯುಮುಲೇಟರಿನ ಕೆಲಸ. ಒತ್ತಡ ಮಿತಿ ಮೀರಿದರೆ, ಆಯಿಲ್ ವೇಗವಾಗಿ ನುಗ್ಗಿದರೆ, ಇಲ್ಲವೆ ತಡವಾಗಿ ಬಂದು ಒಮ್ಮೆಲೇ ಅಮುಕಿದರೆ ಜರ್ಕ್ ಹುಟ್ಟುತ್ತದೆ.

ಮಾರುತಿ ಸೆಲೆರಿಯೊ 2014ರಲ್ಲಿ ತಂದ ಎಎಂಟಿ ಬೇರೆಯದೇ ಜಾತಿ. ಅದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸಗಳನ್ನು ಯಂತ್ರ ಮಾಡುತ್ತದೆ. ಅದರ ಜರ್ಕಿಗೆ ಇಲ್ಲಿನ ವಿವರಣೆ ಹೊಂದದು.

ಪರ್ಫಾರ್ಮೆನ್ಸ್ ಬಾಕ್ಸ್ ಕಟ್ಟುವವರು ಶಿಫ್ಟ್ ಕಿಟ್ ಹಾಕಿ ವಾಲ್ವ್ ಬಾಡಿಯ ತೂತು ದೊಡ್ಡದು ಮಾಡುತ್ತಾರೆ, ಅಕ್ಯುಮುಲೇಟರಿನ ಮೃದುತನ ಕಡಿಮೆ ಮಾಡುತ್ತಾರೆ. ಓಡುವಾಗ ಒಂದನೇ ಗೇರಿನಿಂದ ಎರಡಕ್ಕೆ ಬಿಗಿಯಾಗಿ ಬೀಳುವುದು ಅವರಿಗೆ ಬೇಕಾದದ್ದೇ. ರಿವರ್ಸಿಗೆ ಕಂಪನಿಯೇ ಹೆಚ್ಚು ಒತ್ತಡ ಇಟ್ಟಿರುವುದರಿಂದ ಅಲ್ಲಿ ತುಸು ಗಟ್ಟಿ ಹಿಡಿತ ಸಹಜ. ನಿಂತ ಗಾಡಿ ಡ್ರೈವ್‌ಗೆ ಹಾಕಿದಾಗ ಮುಂದಕ್ಕೆ ಜಿಗಿದರೆ ಮಾತ್ರ ತಪಾಸಣೆ ಬೇಕು.

ಮೊದಲ ನೋಟ ಬಾಕ್ಸಿನ ಹೊರಗೆ. ಇಂಜಿನ್ನಿನ ಐಡಲ್ ಹೆಚ್ಚಿದ್ದರೆ ಸರಿಯಾದ ಗೇರ್‌ಬಾಕ್ಸೂ ಕುಲುಕುತ್ತದೆ. ಹರಿದ ಮೌಂಟಿಂಗ್ ರಬ್ಬರ್, ಸವೆದ ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್, ಡಿಫರೆನ್ಷಿಯಲ್ಲಿನ ಸಡಿಲ ಎಲ್ಲವೂ ಸಣ್ಣ ಧಕ್ಕೆಯನ್ನು ದೊಡ್ಡದಾಗಿ ಕೇಳಿಸುತ್ತವೆ. ಜನರಲ್ ಮೋಟರ್ಸ್ 1964ರಲ್ಲಿ ತಂದ ಟರ್ಬೊ ಹೈಡ್ರಾಮ್ಯಾಟಿಕ್ 400ರಲ್ಲಿ ವ್ಯಾಕ್ಯೂಮ್ ಪೈಪ್ ಕಿತ್ತುಬಂದರೂ ಸಾಕು: ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾರೆಂದು ಭಾವಿಸಿ ಗೇರ್‌ಬಾಕ್ಸ್ ಒತ್ತಡ ಏರಿಸುತ್ತದೆ.

ಈಗಿನ ಗಾಡಿಗಳಲ್ಲಿ ಒತ್ತಡ ಹೊಂದಿಸುವ ಕೆಲಸ ಕಂಪ್ಯೂಟರಿನದು. ಸವೆದ ಹಳೆಯ ಪ್ಲೇಟುಗಳಿಗೆ ಹೊಂದಿಸಿಕೊಂಡ ಲೆಕ್ಕವನ್ನು ಅದು ನೆನಪಿಟ್ಟಿರುತ್ತದೆ. ಹೊಸ ಪ್ಲೇಟು ಹಾಕಿದ ಮೇಲೆ ಸ್ಕ್ಯಾನರಿನಿಂದ ಅದನ್ನು ಅಳಿಸದಿದ್ದರೆ ಹಳೆಯ ಒತ್ತಡವೇ ಬರುತ್ತದೆ. ಒತ್ತಡದ ಸೊಲೆನಾಯ್ಡ್ ಕೆಟ್ಟಾಗಲೂ ಅನೇಕ ಬಾಕ್ಸುಗಳು ಪ್ಲೇಟು ಸುಡದಿರಲೆಂದು ಗರಿಷ್ಠ ಒತ್ತಡಕ್ಕೆ ಹೋಗುತ್ತವೆ.

ಆಯಿಲ್ ಮಟ್ಟ ಇಳಿದರೂ ಜರ್ಕ್ ಬರುತ್ತದೆ. ಈ ಮಾತು ಬಿಸಿಲಿನ ವಿಜಯಪುರಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಬಿಡದಿಯಲ್ಲಿ ತಯಾರಾಗಿ 2016ರಲ್ಲಿ ಮಾರುಕಟ್ಟೆಗೆ ಬಂದ ಇನ್ನೋವಾ ಕ್ರಿಸ್ಟಾದ ಆರು ಗೇರಿನ ಆಟೊಮ್ಯಾಟಿಕ್ ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಚಾಲೂ ಇಟ್ಟು, ಆಯಿಲ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವಾಗ ಕೆಳಗಿನ ಓವರ್‌ಫ್ಲೋ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಥಣಿ ರಸ್ತೆಯ ತಿಕೋಟಾದ ದ್ರಾಕ್ಷಿ ತೋಟದಿಂದಲೋ ಜಮಖಂಡಿ ರಸ್ತೆಯ ಬಬಲೇಶ್ವರದಿಂದಲೋ ಈಗಷ್ಟೇ ಬಂದು ನಿಂತ ಗಾಡಿಯ ಆಯಿಲ್ ಇನ್ನೂ ಬಿಸಿ. ಬಿಸಿ ಆಯಿಲ್ ಹಿಗ್ಗಿರುತ್ತದೆ. ಆಗ ಪ್ಲಗ್ ಬಿಚ್ಚಿದರೆ ಬೇಕಾದ ಆಯಿಲೂ ಸುರಿದುಹೋಗಿ, ತಣಿದ ಮೇಲೆ ಮಟ್ಟ ಕೆಳಗಿಳಿಯುತ್ತದೆ. ಮರುದಿನ ಬೆಳಿಗ್ಗೆ ಪಂಪು ಗಾಳಿ ಎಳೆದು, ಗೇರ್ ತಡವಾಗಿ ಹಿಡಿದು ಧಡ್ ಎನ್ನುತ್ತದೆ. ಬೇಸಿಗೆಯಲ್ಲಿ ಗಾಡಿಯನ್ನು ರಾತ್ರಿ ನಿಲ್ಲಿಸಿ, ನಸುಕಿನಲ್ಲಿ ಸ್ಕ್ಯಾನರಿನಲ್ಲಿ ಆಯಿಲ್ ತಾಪ ನೋಡುತ್ತಾ ಮಟ್ಟ ಪರೀಕ್ಷಿಸುವುದು ಇದಕ್ಕೇ.

ತಡವನ್ನು ಅಳೆಯಲೂಬಹುದು. ಟೊಯೊಟಾದ ಸರ್ವಿಸ್ ಕೈಪಿಡಿಗಳ ಪ್ರಕಾರ, ಆಯಿಲ್ 50ರಿಂದ 80 ಡಿಗ್ರಿಯಲ್ಲಿದ್ದಾಗ ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿ ಧಕ್ಕೆ ತಗಲುವವರೆಗೆ 1.2 ಸೆಕೆಂಡ್, ರಿವರ್ಸಿಗೆ 1.5 ಸೆಕೆಂಡ್ ಮೀರಬಾರದು. ಒಂದೊಂದು ನಿಮಿಷ ಬಿಟ್ಟು ಮೂರು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಜೊತೆಗೆ ಪ್ರೆಶರ್ ಗೇಜ್ ಜೋಡಿಸಿದರೆ ಚಿತ್ರ ಸ್ಪಷ್ಟ. ತಡವಿಲ್ಲದ ಜರ್ಕಿನ ಜೊತೆ ಗೇಜಿನ ಮುಳ್ಳೂ ಮಿತಿಗಿಂತ ಮೇಲಿದ್ದರೆ ರೆಗ್ಯುಲೇಟರ್ ವಾಲ್ವ್, ಸೊಲೆನಾಯ್ಡ್ ನೋಡಬೇಕು. ಒತ್ತಡ ಸರಿಯಿದ್ದೂ ಜರ್ಕ್ ಬಂದರೆ ವಾಲ್ವ್ ಬಾಡಿ ಇಳಿಸಿ, ಬಿಟ್ಟುಹೋದ ಚೆಕ್ ಬಾಲ್, ತಪ್ಪು ಗ್ಯಾಸ್ಕೆಟ್, ಮುರಿದ ಅಕ್ಯುಮುಲೇಟರ್ ಸ್ಪ್ರಿಂಗ್ ಹುಡುಕುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಬಾಕ್ಸ್ ಇಳಿಸಬೇಕಿಲ್ಲ.

ಆಯಿಲ್ ಮಟ್ಟ ಸರಿಯಿದ್ದೂ ತಡವಾಗಿ ಹಿಡಿದು ಹೊಡೆದರೆ ದೋಷ ಬಹುಪಾಲು ಕ್ಲಚ್ ಪ್ಯಾಕಿನಲ್ಲಿ: ಹರಿದ ಪಿಸ್ಟನ್ ಸೀಲ್, ಇಲ್ಲವೆ ಪ್ಲೇಟುಗಳ ನಡುವೆ ಅತಿಯಾದ ಗ್ಯಾಪ್. ಇನ್ನೊಂದು ಸಾಧ್ಯತೆಯೂ ಉಂಟು. ಕೆಲವು ಬಾಕ್ಸುಗಳ ಕ್ಲಚ್ ಪ್ಯಾಕಿನಲ್ಲಿ ಅಲೆಯಂತೆ ತುಸು ಬಾಗಿದ ಉಕ್ಕಿನ ಪ್ಲೇಟೊಂದು ಇರುತ್ತದೆ. ಅಮುಕಿದಾಗ ಅದು ಮೊದಲು ಚಪ್ಪಟೆಯಾಗಿ, ಆಮೇಲೆ ಉಳಿದವು ಕಚ್ಚಿಕೊಳ್ಳುತ್ತವೆ. ಒಂದು ಪ್ಲೇಟು ಹೆಚ್ಚಿಗೆ ತುರುಕಲೆಂದು ಇದನ್ನು ತೆಗೆದಿದ್ದರೆ, ಒತ್ತಡ ಎಷ್ಟು ಸರಿಪಡಿಸಿದರೂ ಜರ್ಕ್ ಹೋಗುವುದಿಲ್ಲ. ಬಾಕ್ಸ್ ಮತ್ತೆ ಇಳಿಸಲೇಬೇಕು.