ಖಾಸಗಿ ಸದಸ್ಯರ ವಿಧೇಯಕಗಳ ಹಾದಿ: ಒಂದು ಚಾರಿತ್ರಿಕ ವಿವೇಚನೆ

ಭಾರತದ ಸಂಸತ್ತಿನಲ್ಲಿ ಮಂತ್ರಿಯಲ್ಲದ ಪ್ರತಿಯೊಬ್ಬ ಸದಸ್ಯನೂ, ಆತ ಆಳುವ ಪಕ್ಷಕ್ಕೆ ಸೇರಿದವನಿರಲಿ, ವಿರೋಧ ಪಕ್ಷಕ್ಕೆ ಸೇರಿದವನಿರಲಿ, ‘ಖಾಸಗಿ ಸದಸ್ಯ’ನೆನಿಸಿಕೊಳ್ಳುತ್ತಾನೆ. 1952ರಲ್ಲಿ ಮೊದಲ ಲೋಕಸಭೆ ಸೇರಿದಂದಿನಿಂದ ಇಂದಿನವರೆಗೆ ಇಂಥ ಸದಸ್ಯರು ಮಂಡಿಸಿದ ವಿಧೇಯಕಗಳ ಪೈಕಿ ಶಾಸನವಾದವು ಕೇವಲ 14. ಅವುಗಳಲ್ಲಿ 9 ಲೋಕಸಭೆಯಲ್ಲಿಯೂ 5 ರಾಜ್ಯಸಭೆಯಲ್ಲಿಯೂ ಹುಟ್ಟಿದವು. ಕೊನೆಯದು 1970ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಆ ಬಳಿಕ ಒಂದೂ ಇಲ್ಲ.

ಈ ಅಂಕಿಗಳನ್ನು ಮುಂದಿಟ್ಟುಕೊಂಡು, ಒಂಟಿ ಸದಸ್ಯನ ವಿಧೇಯಕವೆಂಬುದು ಸಂಸದೀಯ ಜೀವನದ ಒಂದು ಅಲಂಕಾರವಷ್ಟೇ ಎಂದು ತೀರ್ಮಾನಿಸುವುದು ವಾಡಿಕೆಯಾಗಿದೆ. ಈ ತೀರ್ಮಾನ ಪೂರ್ತಿ ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ವಿಧೇಯಕವೊಂದು ಶಾಸನವಾಯಿತೇ ಇಲ್ಲವೇ ಎಂಬುದಕ್ಕಿಂತ, ಅದು ಎತ್ತಿದ ಪ್ರಶ್ನೆಗೆ ಉತ್ತರಿಸಬೇಕಾದ ಹೊಣೆ ಮುಂದೆ ಯಾರ ಮೇಲೆ ಬಿತ್ತು ಎಂಬುದನ್ನು ಕೇಳಿದರೆ ಇತಿಹಾಸದ ಚಿತ್ರವೇ ಬೇರೆಯಾಗುತ್ತದೆ. ಆ ಚಿತ್ರದಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ.

1. ಹಾದಿಯ ಸ್ವರೂಪ

ಮೊದಲು ಈ ವಿಧೇಯಕಗಳು ನಡೆಯುವ ಹಾದಿಯನ್ನು ಸ್ಥೂಲವಾಗಿ ತಿಳಿಯುವುದು ಅಗತ್ಯ. ಲೋಕಸಭೆಯ ನಿಯಮಾವಳಿ ಶುಕ್ರವಾರದ ಬೈಠಕ್ಕಿನ ಕೊನೆಯ ಎರಡೂವರೆ ಗಂಟೆಗಳನ್ನು ಸಾಮಾನ್ಯವಾಗಿ ಖಾಸಗಿ ಸದಸ್ಯರ ಕಲಾಪಕ್ಕೆ ಮೀಸಲಿಡುತ್ತದೆ. ಒಂದು ಶುಕ್ರವಾರ ವಿಧೇಯಕಗಳಿಗೆ, ಮತ್ತೊಂದು ಶುಕ್ರವಾರ ನಿರ್ಣಯಗಳಿಗೆ ಎಂಬುದು ರೂಢಿ. ವಿಧೇಯಕ ತರಬಯಸುವ ಸದಸ್ಯ ಒಂದು ತಿಂಗಳ ಮುಂಚೆ ಸೂಚನಾಪತ್ರ ಕೊಡಬೇಕು. 1953ರಲ್ಲಿ ಮೊದಲಿಗೆ ರಚಿತವಾದ, ಖಾಸಗಿ ಸದಸ್ಯರ ವಿಧೇಯಕ ಹಾಗೂ ನಿರ್ಣಯಗಳ ಸಮಿತಿ ಈ ವಿಧೇಯಕಗಳನ್ನು ಅವುಗಳ ಮಹತ್ವ ಮತ್ತು ತುರ್ತಿಗೆ ಅನುಸಾರವಾಗಿ ಎರಡು ವರ್ಗಗಳಾಗಿ ವಿಂಗಡಿಸಿ, ಚರ್ಚೆಯ ಅವಧಿಯನ್ನು ಗೊತ್ತುಪಡಿಸುತ್ತದೆ. ಸಂವಿಧಾನ ತಿದ್ದುಪಡಿಯ ವಿಧೇಯಕವಾದರೆ ಮಂಡನೆಗೂ ಮೊದಲೇ ಈ ಸಮಿತಿಯ ಪರಿಶೀಲನೆಗೆ ಒಳಗಾಗಬೇಕು. ಮಂಡನೆಯಾದ ವಿಧೇಯಕಗಳಲ್ಲಿ ಯಾವುದು ಮೊದಲು ಚರ್ಚೆಗೆ ಬರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆದ್ದರಿಂದ ವಿಷಯದ ಗುರುತ್ವದಷ್ಟೇ ಸದಸ್ಯನ ಅದೃಷ್ಟಕ್ಕೂ ಇಲ್ಲಿ ಪಾತ್ರವಿದೆ.

ಇನ್ನೊಂದು ಅಡೆಯೂ ಉಂಟು. ಸಂಚಿತ ನಿಧಿಯಿಂದ ವೆಚ್ಚವನ್ನು ಬೇಡುವ ವಿಧೇಯಕಕ್ಕೆ ಸಂವಿಧಾನದ 117ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ಶಿಫಾರಸು ಬೇಕು. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವುದರಿಂದ, ಹಣ ತಗಲುವ ಸುಧಾರಣೆಯ ಕೀಲಿಕೈ ಸರ್ಕಾರದ ಬಳಿಯೇ ಉಳಿಯಿತೆಂದಾಯಿತು. ಚರ್ಚೆಯ ಕೊನೆಗೆ ಮಂತ್ರಿ ಸದಸ್ಯನ ಸದಾಶಯವನ್ನು ಮೆಚ್ಚಿ, ವಿಷಯ ಸರ್ಕಾರದ ಪರಿಶೀಲನೆಯಲ್ಲಿದೆಯೆಂದು ತಿಳಿಸಿ, ವಿಧೇಯಕವನ್ನು ಹಿಂತೆಗೆದುಕೊಳ್ಳುವಂತೆ ಕೋರುವುದು, ಸದಸ್ಯ ಅದಕ್ಕೆ ಒಪ್ಪುವುದು ಈ ಕಲಾಪದ ಸಾಮಾನ್ಯ ಮುಕ್ತಾಯ. ಉಳಿದ ವಿಧೇಯಕಗಳು ಲೋಕಸಭೆ ವಿಸರ್ಜನೆಯಾದೊಡನೆ ತಾವಾಗಿಯೇ ಬಿದ್ದುಹೋಗುತ್ತವೆ.

ನಿರ್ಣಯದ ಸ್ವರೂಪ ಬೇರೆ. ಅದು ಸದನದ ಅಭಿಪ್ರಾಯವನ್ನೋ ಶಿಫಾರಸನ್ನೋ ದಾಖಲಿಸುತ್ತದೆ. ಸಾಮಾನ್ಯವಾಗಿ ಸರ್ಕಾರವನ್ನು ಕಟ್ಟಿಹಾಕದು. 1924ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಟಿ. ರಂಗಾಚಾರಿಯರ್ ಅವರು ಡೊಮಿನಿಯನ್ ಸ್ಥಾನಮಾನವನ್ನು ಕೋರಿ ಮಂಡಿಸಿದ ನಿರ್ಣಯಕ್ಕೆ ಮೋತಿಲಾಲ್ ನೆಹರೂ ದುಂಡುಮೇಜಿನ ಪರಿಷತ್ತಿನ ಬೇಡಿಕೆಯನ್ನು ತಿದ್ದುಪಡಿಯಾಗಿ ತಂದರು. ತಿದ್ದುಪಡಿಗೆ 76 ಮತಗಳ ಬೆಂಬಲವೂ 48 ಮತಗಳ ವಿರೋಧವೂ ಬಂದವು. ಸರ್ಕಾರ ಸೋತರೂ ಪರಿಷತ್ತನ್ನು ಕರೆಯಲಿಲ್ಲ. 1919ರ ಕಾಯಿದೆಯ ಚೌಕಟ್ಟಿನೊಳಗೆ ವಿಚಾರಿಸುವ ಮಡಿಮನ್ ಸಮಿತಿಯನ್ನು ನೇಮಿಸಿ ಕೈತೊಳೆದುಕೊಂಡಿತು.

2. ವಸಾಹತು ಕಾಲದ ಎರಡು ನಿದರ್ಶನಗಳು

ಒಂಟಿ ಸದಸ್ಯನ ವಿಧೇಯಕದ ಪರಂಪರೆ ಸ್ವಾತಂತ್ರ್ಯಕ್ಕಿಂತ ಹಳೆಯದು. ಗೋಪಾಲಕೃಷ್ಣ ಗೋಖಲೆ 1911ರ ಮಾರ್ಚ್‌ನಲ್ಲಿ ವೈಸರಾಯರ ಶಾಸನ ಪರಿಷತ್ತಿನಲ್ಲಿ ಪ್ರಾಥಮಿಕ ಶಿಕ್ಷಣ ವಿಧೇಯಕವನ್ನು ಮಂಡಿಸಿದರು. ಸ್ಥಳೀಯ ಸಂಸ್ಥೆಗಳು ಇಚ್ಛಿಸಿದಲ್ಲಿ, ನಿಯಮಿತ ಪ್ರಮಾಣದ ಮಕ್ಕಳು ಆಗಲೇ ಶಾಲೆಗೆ ಬರುತ್ತಿದ್ದ ಪ್ರದೇಶಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ಕೊಡುವ ಸೌಮ್ಯವಾದ ಯೋಜನೆ ಅದು. ಪರಿಷತ್ತಿನಲ್ಲಿ ಅಧಿಕಾರಿ ಸದಸ್ಯರದೇ ಬಹುಮತ. 1912ರ ಮಾರ್ಚ್ 19ರಂದು ವಿಧೇಯಕ 13ಕ್ಕೆ ಎದುರಾಗಿ 38 ಮತಗಳಿಂದ ಸೋತಿತು. ಆದರೆ ಪ್ರಶ್ನೆ ಸಾಯಲಿಲ್ಲ. 2002ರ 86ನೆಯ ಸಂವಿಧಾನ ತಿದ್ದುಪಡಿಯೂ 2009ರ ಶಿಕ್ಷಣ ಹಕ್ಕು ಕಾಯಿದೆಯೂ ಅದೇ ಪ್ರಶ್ನೆಗೆ ಸರ್ಕಾರ ಬಹು ತಡವಾಗಿ ಕೊಟ್ಟ ಉತ್ತರಗಳು.

ಎರಡನೆಯ ನಿದರ್ಶನ ಗೆಲುವಿನದು. ಅಜ್ಮೇರಿನ ಹರಬಿಲಾಸ ಸಾರಡಾ 1927ರಲ್ಲಿ ಮಂಡಿಸಿದ ವಿಧೇಯಕ ಮೊದಲು ಹಿಂದೂಗಳಿಗೆ ಮಾತ್ರ ಸೀಮಿತವಾಗಿತ್ತು. ಪರಿಶೀಲನಾ ಸಮಿತಿಯಲ್ಲಿ ಅದು ಎಲ್ಲ ಸಮುದಾಯಗಳಿಗೂ ವಿಸ್ತರಿಸಿ, ಮದುವೆಗೆ ಹುಡುಗಿಗೆ 14, ಹುಡುಗನಿಗೆ 18 ವರ್ಷಗಳ ಕನಿಷ್ಠ ವಯಸ್ಸನ್ನು ವಿಧಿಸಿತು. ಸರ್ಕಾರ ಮೊದಲು ಹಿಂದೆಮುಂದೆ ನೋಡಿ 1928ರಲ್ಲಿ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಕೊನೆಗೆ ಬೆಂಬಲಕ್ಕೆ ಬಂದಿತು. 1929ರಲ್ಲಿ ಶಾಸನವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ ಎಂಟು ವರ್ಷದೊಳಗಿನ ಬಾಲಕಿಯರ ವಿವಾಹವನ್ನು ನಿಷೇಧಿಸಿದ್ದುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಸುಧಾರಣೆ ಆಡಳಿತದಿಂದ ಬಂದರೆ, ಬ್ರಿಟಿಷ್ ಇಂಡಿಯಾದಲ್ಲಿ ಒಬ್ಬ ಸದಸ್ಯನ ಹಟದಿಂದ ಬಂತು.

ಈ ಎರಡು ನಿದರ್ಶನಗಳಿಂದ ಒಂದು ಸೂತ್ರ ದೊರೆಯುತ್ತದೆ. ಸರ್ಕಾರ ಎದುರು ನಿಂತಲ್ಲಿ ವಿಧೇಯಕ ಸೋಲುತ್ತದೆ. ಸರ್ಕಾರ ದಾರಿ ಬಿಟ್ಟಲ್ಲಿ ಗೆಲ್ಲುತ್ತದೆ. ಆದರೆ ಪ್ರಶ್ನೆಯನ್ನು ಮೊದಲು ಕೇಳಿದವರು ಎರಡೂ ಕಡೆ ಸರ್ಕಾರದವರಲ್ಲ.

3. ಕಲ್ಯಾಣದ ಟೀಕಾಗ್ರಂಥ, ದಿಲ್ಲಿಯ ಶಾಸನಸಭೆ

ಕನ್ನಡದ ಸಂಶೋಧಕರಿಗೆ ಇನ್ನೂ ಹತ್ತಿರವಾದ ಪ್ರಸಂಗವೊಂದಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರ’ ಟೀಕೆ ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಹಕ್ಕಿಗೆ ಆಧಾರವಾಯಿತು. ಬ್ರಿಟಿಷ್ ನ್ಯಾಯಾಲಯಗಳು ಈ ಸಂಸ್ಕೃತ ಗ್ರಂಥವನ್ನು ಕಾನೂನಿನ ಸಂಹಿತೆಯಂತೆ ಓದಿದವು. ತಂದೆಯ ಧನಕ್ಕೆ ಹಾನಿಯಾಗದಂತೆ ವಿದ್ಯೆಯಿಂದ ಗಳಿಸಿದ್ದು ಗಳಿಸಿದವನಿಗೇ ಸೇರತಕ್ಕದ್ದು ಎಂಬುದು ಗ್ರಂಥದ ತತ್ತ್ವ. ಆದರೆ ವಿದ್ಯೆಗೆ ಕುಟುಂಬದ ಹಣ ವ್ಯಯವಾಗಿದ್ದರೆ ಗಳಿಕೆಯೂ ಕುಟುಂಬದ್ದೇ ಎಂದು ನ್ಯಾಯಾಲಯಗಳು ಅರ್ಥೈಸಿದವು. 1921ರಲ್ಲಿ ಪ್ರಿವಿ ಕೌನ್ಸಿಲ್ ಒಬ್ಬ ಐ.ಸಿ.ಎಸ್. ಅಧಿಕಾರಿಯ ಗಳಿಕೆಯನ್ನೂ ಅವಿಭಕ್ತ ಕುಟುಂಬದ ಆಸ್ತಿಯೆಂದೇ ಎಣಿಸಿತು.

ಇದನ್ನು ಸರಿಪಡಿಸಲು ಹೊರಟವರು ಮುಂಬಯಿಯ ಎಂ. ಆರ್. ಜಯಕರ್. ಅವರು ತಂದ ವಿಧೇಯಕ 1930ರಲ್ಲಿ ಹಿಂದೂ ವಿದ್ಯಾಧನ ಕಾಯಿದೆಯಾಗಿ, ಶಿಕ್ಷಣದ ವೆಚ್ಚ ಯಾರದೇ ಇರಲಿ, ವಿದ್ಯೆಯ ಗಳಿಕೆ ವ್ಯಕ್ತಿಯದೇ ಎಂದು ಸಾರಿತು. ಇದಾದ ಏಳು ವರ್ಷಗಳ ಮೇಲೆ ಮುಂಬಯಿಯವರೇ ಆದ, ವೃತ್ತಿಯಲ್ಲಿ ಶಸ್ತ್ರವೈದ್ಯರಾದ ಡಾ. ಜಿ. ವಿ. ದೇಶಮುಖ್ ಅವರ ವಿಧೇಯಕ ಹಿಂದೂ ಸ್ತ್ರೀಯರ ಆಸ್ತಿಹಕ್ಕು ಕಾಯಿದೆಯಾಯಿತು. ಮಿತಾಕ್ಷರ ಕುಟುಂಬದಲ್ಲಿ ಗಂಡ ಸತ್ತರೆ ಅವನ ಪಾಲು ಉಳಿದ ಗಂಡುಮಕ್ಕಳಿಗೆ ಸೇರುತ್ತಿದ್ದ ಪದ್ಧತಿಯನ್ನು ಅದು ಮುರಿದು, ಆ ಹಿತಾಸಕ್ತಿಯನ್ನು ವಿಧವೆಗೆ ಕೊಟ್ಟಿತು. ಈ ದಿಕ್ಕಿನಲ್ಲಿಯೂ ಮೈಸೂರು 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತ್ತು.

ದೇಶಮುಖ್ ಕಾಯಿದೆಗೆ ಮಿತಿಗಳಿದ್ದವು. ವಿಧವೆಯ ಹಕ್ಕು ಆಕೆಯ ಜೀವಿತಕ್ಕೆ ಮಾತ್ರ ಸೀಮಿತ, ಮಗಳಿಗೆ ಪಾಲಿಲ್ಲ, ಗವರ್ನರರ ಪ್ರಾಂತಗಳ ಕೃಷಿಭೂಮಿಗೆ ಇದು ಅನ್ವಯಿಸದೆಂದು 1941ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ವಿಚಿತ್ರವೆಂದರೆ, ಈ ಮಿತಿಗಳೇ ಮುಂದಿನ ದೊಡ್ಡ ಹೆಜ್ಜೆಗೆ ಕಾರಣವಾದವು. ಕಾಯಿದೆಯ ಗೊಂದಲಗಳನ್ನು ಪರಿಶೀಲಿಸಲು ಸರ್ಕಾರ 1941ರ ಜನವರಿಯಲ್ಲಿ ದಕ್ಷಿಣ ಕನ್ನಡ ಮೂಲದ ನ್ಯಾಯಶಾಸ್ತ್ರಜ್ಞ ಬೆನಗಲ್ ನರಸಿಂಗ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಬಿಡಿ ತೇಪೆಗಳಿಂದ ಪ್ರಯೋಜನವಿಲ್ಲ, ಹಿಂದೂ ಕಾನೂನನ್ನು ಕ್ರಮವಾಗಿ ಸಂಹಿತೀಕರಿಸಬೇಕು ಎಂಬುದು ಆ ಸಮಿತಿಯ ಶಿಫಾರಸು. ಅಂಬೇಡ್ಕರ್ ಅವರು 1951ರಲ್ಲಿ ಮಂತ್ರಿಪದವಿಯನ್ನು ತ್ಯಜಿಸಲು ಒಂದು ಮುಖ್ಯ ಕಾರಣವಾದ ಹಿಂದೂ ಸಂಹಿತೆಯ ವಿಧೇಯಕವೂ, 1955–56ರ ನಾಲ್ಕು ಕಾಯಿದೆಗಳೂ ಈ ಬೇರಿನಿಂದ ಚಿಗುರಿದವು. ಮಿತಾಕ್ಷರ ಕುಟುಂಬದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ದೊರೆಯಲು ಕರ್ನಾಟಕದಲ್ಲಿ 1994ರವರೆಗೆ, ದೇಶದ ಮಟ್ಟದಲ್ಲಿ 2005ರವರೆಗೆ ಕಾಯಬೇಕಾಯಿತು. ಕಲ್ಯಾಣದಲ್ಲಿ ಬರೆದ ಟೀಕೆಗೆ ದಿಲ್ಲಿಯಲ್ಲಿ ಬರೆದ ಈ ಹೊಸ ಟೀಕೆಯ ಮೊದಲ ಸಾಲುಗಳು ಮಂತ್ರಿಗಳಲ್ಲದ ಸದಸ್ಯರವೆಂಬುದನ್ನು ಗಮನಿಸಬೇಕು.

4. ಹದಿನಾಲ್ಕರ ಒಳಗೆ, ಹೊರಗೆ

ಸ್ವತಂತ್ರ ಭಾರತದ 14 ಕಾಯಿದೆಗಳಲ್ಲಿ ಬಹಳಷ್ಟು ಚಿಕ್ಕವು, ಆದರೆ ಕ್ಷುಲ್ಲಕವಲ್ಲ. ತೆಹ್ರಿ ಗಢವಾಲದ ರಾಜಮಾತಾ ಕಮಲೇಂದುಮತಿ ಶಾ ಅವರ ವಿಧೇಯಕ ಮಹಿಳೆಯರ ಹಾಗೂ ಮಕ್ಕಳ ಆಶ್ರಯಸಂಸ್ಥೆಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ದಿವಾನ್ ಚಂದ್ ಶರ್ಮಾ ಅವರದು ಹಿಂದೂ ವಿವಾಹ ಕಾಯಿದೆಯನ್ನು 1964ರಲ್ಲಿ ತಿದ್ದಿ, ನ್ಯಾಯಿಕ ಪ್ರತ್ಯೇಕತೆಯ ತೀರ್ಪಿನ ಬಳಿಕವೂ ಕೂಡಿ ಬಾಳದ ದಂಪತಿಗಳಲ್ಲಿ ಯಾರಾದರೊಬ್ಬರು ವಿಚ್ಛೇದನ ಕೋರಬಹುದೆಂದಿತು. ಫಿರೋಜ್ ಗಾಂಧಿಯವರ ವಿಧೇಯಕ 1956ರಲ್ಲಿ ಶಾಸನವಾಗಿ, ಸಂಸತ್ತಿನ ಕಲಾಪವನ್ನು ಪ್ರಾಮಾಣಿಕವಾಗಿ ವರದಿ ಮಾಡುವ ಪತ್ರಿಕೆಗಳಿಗೆ ಮೊಕದ್ದಮೆಗಳಿಂದ ರಕ್ಷಣೆ ನೀಡಿತು. ತುರ್ತುಪರಿಸ್ಥಿತಿಯಲ್ಲಿ, ಅವರ ಪತ್ನಿ ಪ್ರಧಾನಿಯಾಗಿದ್ದಾಗ, ಈ ಕಾಯಿದೆ ರದ್ದಾಯಿತು. 1977ರಲ್ಲಿ ಮರಳಿ ಬಂದು, 1978ರ 44ನೆಯ ತಿದ್ದುಪಡಿಯ ಮೂಲಕ 361ಎ ಅನುಚ್ಛೇದವಾಗಿ ಸಂವಿಧಾನವನ್ನೇ ಸೇರಿತು.

ಕೊನೆಯ ಕಾಯಿದೆಯ ಕರ್ತೃ ಆನಂದ ನಾರಾಯಣ ಮುಲ್ಲಾ. ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಇವರು ಉರ್ದು ಕವಿಗಳಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದವರು. 1967ರಲ್ಲಿ ಲಖನೌದಿಂದ ಪಕ್ಷೇತರರಾಗಿ ಆಯ್ಕೆಯಾದರು. ಕೆಳಗಿನ ನ್ಯಾಯಾಲಯ ಬಿಡುಗಡೆ ಮಾಡಿದವನನ್ನು ಉಚ್ಚ ನ್ಯಾಯಾಲಯ ಅಪರಾಧಿಯೆಂದು ಹೇಳಿ ಮರಣದಂಡನೆ ವಿಧಿಸಿದರೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯ ಹಕ್ಕನ್ನು ಸಂವಿಧಾನ ಕೊಟ್ಟಿತ್ತು. ಅದೇ ಸ್ಥಿತಿಯಲ್ಲಿ ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾದವನಿಗೆ ಆ ಹಕ್ಕಿರಲಿಲ್ಲ. ಮುಲ್ಲಾ ಅವರ 1970ರ ಕಾಯಿದೆ ಅದನ್ನು ಒದಗಿಸಿತು. ನ್ಯಾಯಪೀಠದ ಅನುಭವ ಶುಕ್ರವಾರದ ಎರಡೂವರೆ ಗಂಟೆಗಳಲ್ಲಿ ಶಾಸನದ ರೂಪ ತಳೆದ ಅಪೂರ್ವ ನಿದರ್ಶನವಿದು.

ಹದಿನಾಲ್ಕರ ಹೊರಗೆ ಉಳಿದವುಗಳಲ್ಲಿ ಬ್ಯಾರಿಸ್ಟರ್ ನಾಥ್ ಪೈ ಅವರ ವಿಧೇಯಕ ಪ್ರಮುಖವಾದುದು. ಗಡಿವಿವಾದದ ಸಂದರ್ಭದಲ್ಲಿ ಕನ್ನಡಿಗರು ಎದುರು ಪಾಳೆಯದ ಧ್ವನಿಯಾಗಿ ಮಾತ್ರ ಕೇಳಿಬಲ್ಲ ಹೆಸರಿದು. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಲಾಗದೆಂದು 1967ರ ಫೆಬ್ರವರಿಯಲ್ಲಿ ಗೋಲಕನಾಥ ಪ್ರಕರಣದ ತೀರ್ಪು ಬಂದೊಡನೆ, ತಿದ್ದುಪಡಿಯ ಅಧಿಕಾರ ಸಂಸತ್ತಿಗೆ ಇದೆಯೆಂದು ಸಾರುವ ವಿಧೇಯಕವನ್ನು ಅವರು ಅದೇ ವರ್ಷ ಮಂಡಿಸಿದರು. ಅದು ಜಂಟಿ ಸಮಿತಿಯ ಪರಿಶೀಲನೆಗೆ ಹೋಗಿ ಬಂದು, ದೀರ್ಘ ಚರ್ಚೆಗೆ ಒಳಗಾಗಿ, 1970ರ ಡಿಸೆಂಬರಿನಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಮರು ತಿಂಗಳು ನಾಥ್ ಪೈ ಬೆಳಗಾವಿಯಲ್ಲಿ ನಿಧನರಾದರು. ಅದೇ 1971ರಲ್ಲಿ ಸರ್ಕಾರ ತಂದ 24ನೆಯ ತಿದ್ದುಪಡಿಯ ತಿರುಳು ಅವರದೇ ಆಗಿತ್ತು.

ಇತ್ತೀಚಿನ ನಿದರ್ಶನ ತಿರುಚ್ಚಿ ಶಿವ ಅವರದು. 2014ರಲ್ಲಿ ಅವರು ಮಂಡಿಸಿದ, ಲಿಂಗಪರಿವರ್ತಿತರ ಹಕ್ಕುಗಳ ವಿಧೇಯಕವನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಅಂಗೀಕಾರವಾಗಲಿಲ್ಲ. ಸರ್ಕಾರ 2016ರಲ್ಲಿ ತನ್ನದೇ ವಿಧೇಯಕವನ್ನು ತಂದು, ಕೊನೆಗೆ 2019ರಲ್ಲಿ ಬೇರೊಂದು ಪಾಠವನ್ನು ಶಾಸನ ಮಾಡಿತು. ಪ್ರಶ್ನೆ ಒಬ್ಬರದು, ಉತ್ತರ ಮತ್ತೊಬ್ಬರದು ಎಂಬ ಹಳೆಯ ಕ್ರಮವೇ ಇಲ್ಲಿಯೂ ಮುಂದುವರಿದಿದೆ. ಆದರೆ ಉತ್ತರ ಬರೆಯುವವರು ಪ್ರಶ್ನೆಯನ್ನೂ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದೆಂಬ ಎಚ್ಚರ ಅಗತ್ಯ. ಮೂಲ ವಿಧೇಯಕದ ಪ್ರೇರಣೆ ಸರ್ಕಾರದ ಶಾಸನದಲ್ಲಿ ಪೂರ್ತಿಯಾಗಿ ಉಳಿಯುವುದೆಂಬ ಭರವಸೆಯಿಲ್ಲ.

5. ಉಪಸಂಹಾರ

ಹೀಗೆ ನೋಡಿದಾಗ ಖಾಸಗಿ ಸದಸ್ಯರ ವಿಧೇಯಕವನ್ನು ಶಾಸನಗಳ ಎಣಿಕೆಯಿಂದ ಅಳೆಯುವುದು ಸರಿಯಲ್ಲವೆಂದು ಸ್ಪಷ್ಟವಾಗುತ್ತದೆ. ಹಾಗೆಂದು 1970ರ ನಂತರದ ಬರಡುತನವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಸರ್ಕಾರ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಒಂದು ಲಾಭ. ಜಯಕರ್, ದೇಶಮುಖ್, ಮುಲ್ಲಾ ಮೊದಲಾದವರಿಗೆ ದೊರೆತಂತೆ ತಮ್ಮ ಮಾತನ್ನೇ ಶಾಸನವಾಗಿ ಕಾಣುವ ಅವಕಾಶ ಇಂದಿನ ಸದಸ್ಯರಿಗೆ ಇಲ್ಲದಿರುವುದು ನಷ್ಟ. ಲಾಭದಿಂದ ಈ ನಷ್ಟ ತುಂಬಿಬರುವುದಿಲ್ಲ.

ಸಂಶೋಧಕರಿಗೆ ಇಲ್ಲಿ ಒಂದು ಕರ್ತವ್ಯವಿದೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಸ್ವೀಕೃತ ಪಾಠವನ್ನು ಮೇಲೆ ಅಚ್ಚು ಹಾಕಿ, ಪಾಠಾಂತರಗಳನ್ನು ಅಡಿಟಿಪ್ಪಣಿಗೆ ಇಳಿಸುತ್ತಾರೆ, ಆದರೆ ಎಸೆಯುವುದಿಲ್ಲ. ಕೃತಿ ಯಾವ ಕೈಗಳನ್ನು ದಾಟಿ ಬಂತೆಂಬುದನ್ನು ಆ ಪಾಠಾಂತರಗಳೇ ಹೇಳುತ್ತವೆ. ಬಿದ್ದುಹೋದ, ಹಿಂತೆಗೆದುಕೊಂಡ ವಿಧೇಯಕಗಳು ನಮ್ಮ ಶಾಸನಗಳ ಪಾಠಾಂತರಗಳು. ಸದನದ ಮುದ್ರಿತ ನಡವಳಿಗಳಲ್ಲಿ ಅವು ಸುರಕ್ಷಿತವಾಗಿವೆ. ದಿಲ್ಲಿ, ಮುಂಬಯಿ, ಹೈದರಾಬಾದುಗಳ ದೊಡ್ಡ ಗ್ರಂಥಾಲಯಗಳಿಗೆ ಹತ್ತಿರವಿರುವ ಹೊರನಾಡ ಸಂಶೋಧಕರು ಈ ಕೆಲಸಕ್ಕೆ ಅನುಕೂಲ ಸ್ಥಿತಿಯಲ್ಲಿದ್ದಾರೆ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಪ್ರತಿನಿಧಿಗಳು ಮಂಡಿಸಿದ ವಿಧೇಯಕ, ನಿರ್ಣಯಗಳ ಸೂಚಿಯೊಂದನ್ನು ಸಿದ್ಧಪಡಿಸುವುದರಿಂದ ಈ ಅಧ್ಯಯನವನ್ನು ಆರಂಭಿಸಬಹುದಾಗಿದೆ.