ಪ್ರವಾಸದಲ್ಲಿ ಭೇದಿಯಾದರೆ ಕೋಲಾ ಕುಡಿಯುವುದು ಸರಿಯೇ?

ಬಾಲಿಗೋ ಥಾಯ್ಲೆಂಡ್‌ಗೋ ಹೊರಟವರಿಗೆ ವಾಟ್ಸಾಪ್‌ನಲ್ಲಿ ಸಿಗುವ ಸಲಹೆ: "ಹೊಟ್ಟೆ ಕೆಟ್ಟರೆ ಕೋಲಾ ಕುಡಿಯಿರಿ, ಸರಿಹೋಗುತ್ತದೆ." ಇದು ನಿಜವೇ? ನೋಡೋಣ.

ಸತ್ಯಾಂಶ: ಇದು ತಪ್ಪು. ಭೇದಿಯಾದಾಗ ದೇಹದಿಂದ ನೀರಿನ ಜೊತೆಗೆ ಉಪ್ಪಿನಂಶವೂ ಹೋಗುತ್ತದೆ. ಕೋಲಾದಲ್ಲಿ ಸಕ್ಕರೆ ಬಹಳ, ಉಪ್ಪಿನಂಶ ತೀರಾ ಕಡಿಮೆ. ಅತಿಯಾದ ಸಕ್ಕರೆ ಕರುಳಿನೊಳಗೆ ಮತ್ತಷ್ಟು ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸಬಹುದು.

ಏನು ಕುಡಿಯಬೇಕು? ಓಆರ್‌ಎಸ್. ಇಲ್ಲಿಂದಲೇ ಪ್ಯಾಕೆಟ್ ಒಯ್ಯಿರಿ. ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಬೆರೆಸಿ. ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ಮಟ್ಟಸವಾಗಿರಲಿ, ಉಪ್ಪು ಹೆಚ್ಚಾದರೆ ಅಪಾಯ.

ತಡೆಯುವುದು ಹೇಗೆ? ಕುದಿಸಿದ ಅಥವಾ ಸೀಲ್ ಒಡೆಯದ ಬಾಟಲಿಯ ನೀರು ಕುಡಿಯಿರಿ. ನಲ್ಲಿ ನೀರಿನ ಐಸ್ ಬೇಡ, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಬಿಸಿಬಿಸಿ ಊಟ, ನೀವೇ ಸಿಪ್ಪೆ ಸುಲಿದ ಹಣ್ಣು ಒಳ್ಳೆಯದು. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.

ವೈದ್ಯರ ಬಳಿ ಯಾವಾಗ? ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ ಇದ್ದರೆ, ಮೂತ್ರ ಕಡಿಮೆಯಾದರೆ ತಡಮಾಡಬೇಡಿ. ರಕ್ತ ಅಥವಾ ಜ್ವರ ಇದ್ದಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಆಂಟಿಬಯೋಟಿಕ್ ಕೂಡ ವೈದ್ಯರು ಹೇಳಿದರೆ ಮಾತ್ರ.

ಕೋಲಾ ಸಲಹೆ ನಿಮಗೂ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಓಆರ್‌ಎಸ್ ಅಳತೆ ತಿಳಿಸಿ.