ಹಂಪಿಯ ಮಣ್ಣಿನ ಮನೆಗಳು

ಹಂಪಿಯೆಂದೊಡನೆ ನಮ್ಮ ಕಣ್ಣೆದುರು ಕಲ್ಲು ನಿಲ್ಲುತ್ತದೆ. ಆ ಕಲ್ಲನ್ನು ಕಡೆದವರೂ ಹೊತ್ತವರೂ ಎಲ್ಲಿ ವಾಸವಾಗಿದ್ದರು? 16ನೆಯ ಶತಮಾನದ ಆರಂಭದಲ್ಲಿ ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸ ಬಾರ್ಬೋಸ, ಜನಸಾಮಾನ್ಯರ ಮನೆಗಳಿಗೆ ಹುಲ್ಲಿನ ಸೂರಿದ್ದರೂ ಅವು ಅಚ್ಚುಕಟ್ಟಾಗಿದ್ದುವೆಂದು ತಿಳಿಸುತ್ತಾನೆ. ಅರಮನೆಗಳಲ್ಲಿಯೂ ಬಹುಪಾಲು ಉಳಿದುದು ಕಲ್ಲಿನ ಜಗತಿಯಷ್ಟೆ. ಮೇಲಣ ಮರದ ಕಟ್ಟಡ 1565ರ ಬಳಿಕ ಅಳಿಯಿತು.

ಮಣ್ಣಿನಲ್ಲಿ ಮನೆ ಕಟ್ಟುವ ವಿದ್ಯೆ ಮಾತ್ರ ಅಳಿಯಲಿಲ್ಲ. ಹೊಳೆಯಾಚೆಯ ಆನೆಗೊಂದಿಯಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ತೊಲೆಜಂತೆ, ಮೇಲೆ ಮಣ್ಣು ಹಾಸಿದ ಮಾಳಿಗೆಯುಳ್ಳ ಮನೆಗಳನ್ನು ನಾನು ಕಂಡಿದ್ದೇನೆ. ಈ ಬಿಸಿಲ ನಾಡಿನಲ್ಲಿ ಆ ಗೋಡೆ ಹಗಲಿನ ಕಾವನ್ನು ತಡೆಯುತ್ತದೆ. ಬಿದ್ದ ಗೋಡೆಯ ಮಣ್ಣೇ ಹೊಸ ಗೋಡೆಗೆ ಒದಗುತ್ತದೆ. ಆದರೆ ಮಳೆಗೆ ಮುನ್ನ ಮಾಳಿಗೆಗೆ ಮಣ್ಣು ಹಾಕುವ ಕೈ ಬೇಕು. ಜನ ಬಿಟ್ಟ ಮನೆ ಬಹುಕಾಲ ನಿಲ್ಲದು.

1986ರಲ್ಲಿ ಹಂಪಿಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. 2011ರಲ್ಲಿ ವಿರೂಪಾಕ್ಷನ ಮುಂದಣ ಬೀದಿಯ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಕಲ್ಲಿನ ರಕ್ಷಣೆ ಅಗತ್ಯವೇ. ಕಲ್ಲಿಗೆ ಕಾವಲುಗಾರನಿದ್ದರೆ ಸಾಕು. ಮಣ್ಣಿನ ಮನೆಗೆ ಒಕ್ಕಲೇ ಬೇಕು. ಆನೆಗೊಂದಿಯ ಒಕ್ಕಲು ತಮ್ಮ ಮನೆಗಳಲ್ಲಿ ಉಳಿಯುವಂತೆ ನೋಡಿಕೊಳ್ಳುವುದೂ ಸ್ಮಾರಕರಕ್ಷಣೆಯೇ ಎಂದು ನಾನು ಭಾವಿಸುತ್ತೇನೆ.